ಮನೆ ಮುಗಿಯುವ ಮೊದಲೇ ಕೊಟ್ಟ ರುಮಾಲು

"ಬೀದಿ ಕಡೆ ಕಿಡಕಿ ಇಡಂಗಿಲ್ಲರೀ. ನಿಮ್ಮಪ್ಪಾರು ಬ್ಯಾಡ ಅಂದಾರ."

ಅರ್ಧ ಎದ್ದ ಗೋಡೆಯ ಮೇಲೆ ಕುಳಿತಿದ್ದ ಗೌಂಡಿ ಕರಿಬಸಪ್ಪ ತಲೆ ಎತ್ತದೆ ಹೇಳಿದ. ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಹದಿನೆಂಟರ ಕಸ್ತೂರೆಮ್ಮನ ಕೆನ್ನೆ ಕೆಂಪಾಯಿತು. ತಾಯಿಯಿಲ್ಲದ ಮನೆಯನ್ನು ಹನ್ನೆರಡನೆಯ ವಯಸ್ಸಿನಿಂದ ನಡೆಸಿದವಳಿಗೆ ಗೌಂಡಿಯೊಬ್ಬ ಇಲ್ಲ ಅನ್ನುವುದೇ?

"ಈ ಮನ್ಯಾಗ ಇರಾಕಿ ನಾನು, ನೀವಲ್ಲ! ದಿನಾ ನಿಮ್ಮ ಗೋಡಿ ನೋಡಿಕೋಂತ ಕೂಡ್ಲೇನು?"

ಆಗ ತಲೆ ಎತ್ತಿದ. ಎತ್ತಬಾರದಿತ್ತು... ನೋಡಿದ ಕಣ್ಣು ಕೆಳಗಿಳಿಯಲೇ ಇಲ್ಲ!

"ಏನು ನೋಡಬೇಕ್ರಿ ನಿಮಗ?"

"ಎಲ್ಲಾ. ಟಪ್ಪಾಲ ಕಚೇರಿ, ಮುಸಾಫಿರಖಾನಿ, ಬಾವಿ... ಬರೋರು, ಹೋಗೋರು."

ಮರುದಿನ ಬೀದಿ ಕಡೆಯ ಗೋಡೆಯಲ್ಲಿ ಕಿಟಕಿಗೆ ಜಾಗ ಬಿಟ್ಟಿತ್ತು. ಅಪ್ಪ ಆದಪ್ಪ ಗದರಿದರೆ ಕರಿಬಸಪ್ಪ, "ಗಾಳಿ ಆಡಬೇಕ್ರಿ ಯಜಮಾನ್ರ, ಇಲ್ಲಂದ್ರ ಗೋಡಿ ಆರಂಗಿಲ್ಲ" ಎಂದು ರೈಲು ಬಿಟ್ಟ.

ಅದು ನಿಜಾಮರ ಕಾಲದ ಫಸಲಿ ೧೩೪೩, ಅಂದರೆ ೧೯೩೪ರ ಸುಮಾರು. ಲಿಂಗಸುಗೂರಿನ ದಂಡಿನ ಛಾವಣಿಯಿಂದ ಪಲ್ಟನ್ ಎದ್ದು ಹೋಗಿ ಎಷ್ಟೋ ವರ್ಷವಾಗಿ, ಆ ಬಯಲಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಬಟ್ಟೆ ಅಂಗಡಿಯ ಆದಪ್ಪನೂ ಊರೊಳಗಿನ ಓಣಿ ಬಿಟ್ಟು ಅಲ್ಲಿಗೆ ಬರುವವನಿದ್ದ. ಗೌಂಡಿ ಅವರದೇ ಜನ, ಪಾಮನಕಲ್ಲೂರಿನ ಹುಡುಗ.

ಮಧ್ಯಾಹ್ನದ ರೊಟ್ಟಿ ಕೊಡಲು ಕಸ್ತೂರೆಮ್ಮನೇ ಬರುತ್ತಿದ್ದಳು. ಪುಂಡಿಪಲ್ಲೆಗೆ ಉಪ್ಪು ಹೆಚ್ಚಾದ ದಿನವೂ ಆತ ಎರಡು ಸಲ ಹಾಕಿಸಿಕೊಂಡು ತಿಂದ. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ, ಆತನ ಪ್ರೀತಿಗೆ ನಾಲಿಗೆಯೂ ಇರಲಿಲ್ಲ ಬಿಡಿ!

ಒಂದು ದಿನ ಮಸ್ಕಿಯಿಂದ ಹೆಣ್ಣು ನೋಡಲು ಬಂದರು. ಸಂಜೆ ಕರಿಬಸಪ್ಪನ ಮುಖ ಕಪ್ಪಿಟ್ಟಿತ್ತು. ಅದನ್ನು ಕಂಡು ಕಸ್ತೂರೆಮ್ಮನಿಗೆ ನಿದ್ದೆ ಹತ್ತಲಿಲ್ಲ. 'ನನ್ನ ಮನಸ್ಸು ಯಾರ ಕಡೆ ಐತಿ ಅಂತ ಇವಗ ಹೆಂಗ ಹೇಳ್ಲಿ?'

ಬೆಳಿಗ್ಗೆ ಅಪ್ಪನ ಅಂಗಡಿಯ ಜರಿಯಂಚಿನ ರುಮಾಲು ತಂದು ಆತನ ಕೈಗಿಟ್ಟಳು. "ನಿಮಗಂತ ತಂದೀನಿ..." ಅಷ್ಟು ಹೇಳುವಷ್ಟರಲ್ಲಿ ನಾಚಿಕೆ ಬಂದು ಮನೆ ಕಡೆ ಓಡಿದಳು. ಆತನ ಮುಖ ನೋಡಲಿಲ್ಲ.

ಮರುದಿನ ಗೋಡೆಯ ಮೇಲೆ ಯಾರೂ ಇರಲಿಲ್ಲ. ಗಾರೆ ಮೆತ್ತುವ ಆತನ ಕರಣಿಯೂ ಇರಲಿಲ್ಲ.

ದಿನ ಹದಿನೈದಾದರೂ ಸುದ್ದಿಯಿಲ್ಲ. ಬೇರೆ ಗೌಂಡಿ ಬಂದು ಗೋಡೆ ಏರಿಸಿದ. 'ನನ್ನ ಪ್ರೀತಿ ತಗೊಂಡು ಒಂದು ಮಾತೂ ಆಡದ ಹೋದ್ನಲ್ಲ!' ಸಿಟ್ಟು, ಅವಮಾನ... ಮಸ್ಕಿಯವರಿಗೆ ಏನು ಹೇಳಲಿ ಎಂದು ಅಪ್ಪ ಕೇಳಿದಾಗ ಕಸ್ತೂರೆಮ್ಮ "ಹೂಂ ಅನ್ರಿ" ಎಂದುಬಿಟ್ಟಳು.

ಗಂಡ ಕೆಟ್ಟವನಲ್ಲ. ಎರಡನೇ ವರ್ಷ ಮಸ್ಕಿಯಲ್ಲಿ ಅತ್ತೆಮನೆಯವರೂ ಹೊಸ ಮನೆ ಕಟ್ಟಿಸಿದರು. ಕೆಲಸ ಮುಗಿದ ದಿನ ಅತ್ತೆ ಗೌಂಡಿಗೆ ರುಮಾಲು ಕೊಟ್ಟಳು. ಆತ ಕಣ್ಣಿಗೊತ್ತಿಕೊಂಡು, ಕರಣಿ ಎತ್ತಿಕೊಂಡು ನಡೆದ.

"ಯಾಕ ಹೊಂಟ್ರು ಅವರು? ಉಂಡು ಹೋಗಬಾರದೇನು?"

"ರುಮಾಲು ಕೊಟ್ಟ ಮ್ಯಾಲ ಗೌಂಡಿ ನಿಲ್ಲಂಗಿಲ್ಲ. ಈ ಮನ್ಯಾಗ ನಿನ್ನ ಕೆಲಸ ತೀರಿತು ಅಂದಂಗ ಅದು" ಎಂದಳು ಅತ್ತೆ. "ನಡುವ ಕೊಟ್ರಂತೂ, ನೀ ಬ್ಯಾಡ ಅಂತ ಹೊರಗ ಹಾಕಿದಂಗ."

ಕಸ್ತೂರೆಮ್ಮನಿಗೆ ಆ ಜರಿಯಂಚಿನ ರುಮಾಲು ನೆನಪಾಯಿತು. ಹೆಣ್ಣು ನೋಡಲು ಬಂದವರು ಹೋದ ಮರುದಿನ ಬೆಳಿಗ್ಗೆ... ಅಯ್ಯೋ, ನಾನೇ ಕಳಿಸಿದೆನಲ್ಲ! ಆತ ಓಡಿಹೋಗಲಿಲ್ಲ, ನಾನೇ ಕೈಯಾರೆ ಹೊರಗೆ ಹಾಕಿದೆ!

ಗಂಡನ ಮನೆಯಲ್ಲಿ ನಿಂತು ಆ ಸಂಕಟವನ್ನು ಯಾರೆದುರು ಹೇಳುವುದು? ನುಂಗಿಕೊಂಡಳು. ಮರುವರ್ಷ ಜ್ವರಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದಳು. ಆರು ವರ್ಷ ಹಾಗೇ ಕಳೆದವು.

ಆ ವರ್ಷ ಬಾವಿಯ ಪಕ್ಕ ಹೊಸ ದವಾಖಾನೆ ಏಳುತ್ತಿತ್ತು; ಮಾಳಿಗೆಯ ಕೆಲಸಕ್ಕೆ ಪರ ಊರಿನ ಗೌಂಡಿಗಳು ಬಂದಿದ್ದರು. ನೀರಿಗೆ ಹೋದ ಕಸ್ತೂರೆಮ್ಮ ತಲೆ ಎತ್ತಿದರೆ ಮಾಳಿಗೆಯ ಮೇಲೆ ಕರಿಬಸಪ್ಪ! ಕಿವಿಯ ಹತ್ತಿರ ಕೂದಲು ನರೆತಿತ್ತು. ಆತ ನೋಡಿ ತಿರುಗಿಕೊಂಡ.

ನಾಳೆ ಕೆಲಸ ಮುಗಿಯುತ್ತದೆ ಎಂದು ಬಾವಿಯ ಕಟ್ಟೆಯಲ್ಲಿ ಹೆಂಗಸರು ಮಾತಾಡುತ್ತಿದ್ದರು. ನಾಳೆ ಹೋದರೆ ಮತ್ತೆ ಬರುವವನಲ್ಲ. ಕೂಲಿಯವರು ಬುತ್ತಿ ಬಿಚ್ಚಲು ಬೇವಿನ ನೆರಳಿಗೆ ಹೋದಾಗ, ಜನ ಏನಾದರೂ ಅನ್ನಲಿ ಎಂದು ಒಳಗೆ ನಡೆದಳು.

"ನಿಮ್ಮನ್ನ ಕಳಿಸಬೇಕಂತ ಕೊಟ್ಟಿದ್ದಿಲ್ಲ ನಾನು!"

ಮಾಳಿಗೆಯಿಂದ ಇಳಿದು ಬಂದ ಕರಿಬಸಪ್ಪ ಕೈಯಲ್ಲಿದ್ದ ಕರಣಿ ಕೆಳಗಿಟ್ಟ.

"ಆ ಪದ್ಧತಿ ನನಗ ಗೊತ್ತಿದ್ದಿಲ್ಲರೀ. ನೀವಂದ್ರ ಜೀವ ಅಂತ ಕೊಟ್ಟಿದ್ದೆ. ಮಸ್ಕಿಯವರನ್ನ ಒಪ್ಪಂಗಿಲ್ಲ ಅಂತ ಹೇಳಾಕ ಕೊಟ್ಟಿದ್ದೆ..."

ಆತ ಸುಣ್ಣದ ಕಟ್ಟೆಯ ಮೇಲೆ ಕುಳಿತ.

"ತಡಿಲಾರದ ಒಂದು ತಿಂಗಳಿಗೆ ತಿರುಗಿ ಬಂದಿದ್ದೆ. ನಿಮ್ಮ ಮನಿ ಮುಂದ ಮದುವಿ ಹಂದರ ಹಾಕಾಕತ್ತಿದ್ರು. ಹಂಗ ಹೊಳ್ಳಿ ಹೋದೆ."

"ಕರೀಬಾರದಿತ್ತೇನು ನನ್ನ?"

"ಸೊಕ್ಕಿತ್ತು. ಯಾಕ ಬ್ಯಾಡ ಅಂದ್ರಿ ಅಂತ ಒಂದು ಮಾತು ಕೇಳಿದ್ರ ಮುಗೀತಿತ್ತು. ಕೇಳಲಿಲ್ಲ."

"ನಂಗೂ ಸೊಕ್ಕಿತ್ತು. ಪಾಮನಕಲ್ಲೂರಿಗೆ ಒಂದು ದಿನದ ಗಾಡಿ ದಾರಿ. ಒಂದು ಸುದ್ದಿ ಕಳಿಸಲಿಲ್ಲ ನಾನು."

ಇಬ್ಬರೂ ಅತ್ತರು. ಅತ್ತರೆ ಹೋದ ಒಂಬತ್ತು ವರ್ಷ ತಿರುಗಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅತ್ತರು.

ಕರಿಬಸಪ್ಪ ಆಕೆಯ ಕುಂಕುಮವಿಲ್ಲದ ಹಣೆ ನೋಡಿ, ಕಣ್ಣೊರೆಸಿಕೊಂಡು ಎದ್ದ. "ನಾ ಮದುವಿ ಆಗಿಲ್ಲ. ಗಂಡ ಹೋದಾಕಿಗೆ ನಮ್ಮವರಾಗ ಉಡಿಕಿ ಮದುವಿ ನಡೀತೈತಿ. ಇವತ್ತ ಹೋಗಿ ನಿಮ್ಮಪ್ಪಾರನ್ನ ಕೇಳ್ತೀನಿ."

ಬಾಗಿಲಿಗೆ ಹೋಗುತ್ತಿದ್ದವನ ತೋಳನ್ನು ಕಸ್ತೂರೆಮ್ಮ ಹಿಡಿದಳು.

"ಅಪ್ಪನ್ನ ಆಮ್ಯಾಲ. ಮೊದಲ ನನ್ನ ಕೇಳು. ಅವತ್ತೂ ನನ್ನ ಕೇಳದ ಹೋದಿ."

ಆತ ತಿರುಗಿದ.

"ನನ್ನ ಕೂಡ ಇರ್ತೀಯೇನು, ಕಸ್ತೂರಿ?"

"ಇರ್ತೀನಿ," ಎಂದಳು. "ಹದಿನೆಂಟಕ್ಕ ಕೇಳಿದ್ರೂ ಇದನ್ನ ಹೇಳ್ತಿದ್ದೆ."