ಕೋಟು ಹಾಕಿದ್ದಾಗ ಮುಟ್ಟಬಾರದು

"ಬಿಜಿ ಇದೀನಿ ಮಾರಾಯ... ಬಿಜಿ, ಬಿಜಿ..."

ಫರ್ಗಸ್ ಫೋನಿನಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವನ ಎಡಗಾಲಿನ ಬೂಟು ಬೆಚ್ಚಗಾಯಿತು.

ಬಗ್ಗಿ ನೋಡಿದ. ನೀಲಿ ಕೋಟು ತೊಟ್ಟ ಹಳದಿ ನಾಯಿಮರಿಯೊಂದು ಅವನ ಬೂಟಿನ ಮೇಲೆ ಕುಕ್ಕರಿಸಿ, ತನ್ನ ಕೆಲಸವನ್ನು ನಿಷ್ಠೆಯಿಂದ ಮುಗಿಸುತ್ತಿತ್ತು.

"ಅಯ್ಯೋ, ಅದರದ್ದೇನೂ ತಪ್ಪಿಲ್ಲ. ನೀವೇ ಹೇಳಿದ್ರಲ್ಲ," ಎಂದಳು ಮರಿಯ ಹಗ್ಗ ಹಿಡಿದಿದ್ದ ರೋವೀನಾ.

"ನಾನೇನ್ರೀ ಹೇಳ್ದೆ?"

"ಬಿಜಿ ಅಂದ್ರಿ. ನಮ್ಮ ಟಾಫಿಗೆ ಹಾಗಂದ್ರೆ ಉಚ್ಚೆ ಮಾಡು ಅಂತ. ಹಾಗೇ ಕಲಿಸಿದೀನಿ."

ಹೊಬಾರ್ಟ್ ಬಂದರಿನ ಆ ಹಾರ್ಡ್‌ವೇರ್ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಫರ್ಗಸ್ ಕೂಡ ನಕ್ಕು, ಮರಿಯ ತಲೆ ಸವರಲು ಕೈಚಾಚಿದ.

"ಮುಟ್ಟಬೇಡಿ. ಕೋಟು ಹಾಕಿದ್ರೆ ಡ್ಯೂಟಿ ಅಂತ ಲೆಕ್ಕ. ಮುಟ್ಟೋ ಹಾಗಿಲ್ಲ, ಮಾತಾಡ್ಸೋ ಹಾಗಿಲ್ಲ. ನಾಳೆ ಕಣ್ಣು ಕಾಣದವರಿಗೆ ದಾರಿ ತೋರಿಸ್ಬೇಕಾದ ನಾಯಿ ಇದು."

"ನೀವು ಕೋಟು ಹಾಕಿಲ್ವಲ್ಲ. ನಿಮ್ಮನ್ನ ಮಾತಾಡಿಸಬಹುದಾ?"

ಎಂಥ ಧೈರ್ಯ ನೋಡಿ! ಬೂಟಿನ ತುಂಬ ಉಚ್ಚೆ ಇಟ್ಟುಕೊಂಡು ಹೆಣ್ಣನ್ನು ಮಾತಾಡಿಸುವ ಗಂಡಸನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಮದುವೆ ಮುರಿದ ಮೇಲೆ ಮನೆ ಬಿಕೋ ಎನ್ನುತ್ತದೆಂದು ರೋವೀನಾ ಈ ಮರಿಯನ್ನು ಸಾಕಲು ತಂದಿದ್ದಳು. ಒಂದು ವರ್ಷ ಸಾಕಿ, ನಾಯಿಗಳನ್ನು ಪಳಗಿಸುವ ಸಂಸ್ಥೆಗೆ ಹಿಂತಿರುಗಿಸಬೇಕು. ಹಗಲಲ್ಲಿ ಅವಳು ಕೆಲಸ ಮಾಡುವ ಔಷಧಿ ಅಂಗಡಿಯ ಮೇಜಿನಡಿ ಟಾಫಿ ಮಲಗಿರುತ್ತಿತ್ತು. ಸಂಜೆ ದೋಣಿ ರಿಪೇರಿ ಮುಗಿಸಿ ಫರ್ಗಸ್ ಅವಳ ಮನೆಗೆ ಬರುತ್ತಿದ್ದ. ಟಾಫಿಯ ಕೋಟು ಬಿಚ್ಚಿದ್ದೇ ತಡ, ನಾಯಿಯೂ ಅವನೂ ನೆಲದ ಮೇಲೆ ಹೊರಳಾಡುತ್ತಿದ್ದರು.

ಆಲೂಗಡ್ಡೆ ಸುಲಿಯುತ್ತಾ ರೋವೀನಾ ಅವರನ್ನೇ ನೋಡುತ್ತಿದ್ದಳು. 'ಇಷ್ಟಿದ್ದರೆ ಸಾಕು ನನಗೆ...'

ಆದರೆ ಇಷ್ಟೂ ಉಳಿಯುವಂಥದ್ದಲ್ಲ. ನಾಯಿ ಸಾಕುವುದು ಏನು ಮಹಾ? ಸಾಕಿ, ಪ್ರೀತಿಸಿ, ಆಮೇಲೆ ಹಗ್ಗವನ್ನು ಬೇರೆಯವರ ಕೈಗೆ ಕೊಡುವುದಿದೆಯಲ್ಲ, ಅದು ಎಲ್ಲರಿಂದಾಗುವ ಕೆಲಸವಲ್ಲ.

ವರ್ಷ ತುಂಬುವ ಹೊತ್ತಿಗೆ ಒಂದು ದಿನ ಸಂಸ್ಥೆಯಿಂದ ಫೋನು ಬಂತು. ಮುಂದಿನ ವಾರ ಟಾಫಿಯನ್ನು ಕರೆದೊಯ್ದು ಪರೀಕ್ಷೆ ಮಾಡುತ್ತಾರಂತೆ. ರೋವೀನಾ ಪಾತ್ರೆ ತೊಳೆಯುತ್ತಲೇ ಅತ್ತಳು.

"ಫೇಲಾದ್ರೆ ನಿನ್ನ ಹತ್ರಾನೇ ಇರುತ್ತಲ್ವಾ?" ಎಂದು ಕೇಳಿದ ಫರ್ಗಸ್.

"ಹಾಗೆಲ್ಲ ಯೋಚಿಸಬಾರದು ಕಣೋ."

ಆ ಶನಿವಾರ ಬಂದರಿನ ಬಳಿ ಮಾಂಸದ ಸಾಸೇಜ್ ಸುಟ್ಟು ಮಾರುತ್ತಿದ್ದರು. ಬ್ರೆಡ್ಡಿಗೆ ಈರುಳ್ಳಿ ಹಾಕಿಸಿಕೊಂಡು ರೋವೀನಾ ಹಿಂತಿರುಗಿದಳು. ಟಾಫಿಯ ಜೊತೆ ನಿಂತಿದ್ದ ಫರ್ಗಸ್ ಕೈಯಿಂದ ಸಾಸೇಜಿನ ಒಂದು ಚೂರು ಕೆಳಗೆ ಬಿತ್ತು. ಕೋಟು ತೊಟ್ಟಿದ್ದ ಟಾಫಿ ಅದನ್ನು ಗುಳುಂ ಮಾಡಿತು.

"ಏನು ಮಾಡ್ತಿದೀಯ?"

"ಒಂದೇ ಒಂದು ಚೂರು, ರೋ... ಈ ಚಟ ಹತ್ತಿ ಫೇಲಾಗ್ಲಿ ಬಿಡು. ನೀನು ಅಳೋದನ್ನ ನೋಡೋಕಾಗಲ್ಲ ನನ್ನ ಕೈಲಿ."

"ನಡುರಸ್ತೆಯಲ್ಲಿ ಬಿದ್ದಿರೋ ತಿಂಡಿಗೆ ಇದು ಬಗ್ಗಿದ್ರೆ, ಇದನ್ನ ನಂಬಿ ಬರೋರು ಲಾರಿ ಕೆಳಗೆ ಹೋಗ್ತಾರೆ. ಗೊತ್ತಾ ನಿನಗೆ? ನನ್ನ ಕಣ್ಮುಂದೆ ನಿಲ್ಲಬೇಡ, ಹೋಗು."

ಅವನು ತಲೆ ತಗ್ಗಿಸಿ ಹೋದ. ರೋವೀನಾ ಟಾಫಿಯ ಹಗ್ಗವನ್ನು ಕೈಗೆ ಸುತ್ತಿಕೊಂಡಳು. ಸಿಟ್ಟು ನಿಜಕ್ಕೂ ಅವನ ಮೇಲಾ? ಆ ಚೂರು ಬಿದ್ದ ಕ್ಷಣ ಅವಳ ಮನಸ್ಸೇ 'ತಿನ್ನು, ತಿನ್ನು' ಎಂದಿತ್ತು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಸಂಸ್ಥೆಯ ವ್ಯಾನು ಬಂತು. ಟಾಫಿ ಬಾಲ ಆಡಿಸುತ್ತಾ ಹಾರಿ ಹತ್ತಿತು. 'ಒಂದು ಸಲ ತಿರುಗಿ ನೋಡಬಾರದಿತ್ತೇನೇ?' ವ್ಯಾನು ತಿರುವು ದಾಟಿದರೂ ಅವಳು ಗೇಟು ಹಿಡಿದು ನಿಂತೇ ಇದ್ದಳು.

ಸಂಜೆ ಫರ್ಗಸ್ ಫೋನು ಮಾಡಿದ.

"ಬಿಜಿ ಇದೀನಿ," ಎಂದಳು. ಎಂದವಳೇ ಅಭ್ಯಾಸಬಲದಿಂದ ಹಿತ್ತಲ ಬಾಗಿಲಿನತ್ತ ನೋಡಿದಳು. ಆ ಮಾತು ಕೇಳಿ ಅಲ್ಲಿಗೆ ಓಡುವ ಜೀವ ಈಗಿರಲಿಲ್ಲ. ಫೋನಿಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಆಮೇಲೆ ಅವನು ಫೋನು ಮಾಡಿದಾಗಲೆಲ್ಲ ಅವಳು ಎತ್ತಲೇ ಇಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುವುದು?

ಚಳಿಗಾಲ ಕಳೆಯಿತು. ಟಾಫಿ ಪಾಸಾಗಿ ಇದೇ ಊರಿನ ಒಬ್ಬ ಹೆಂಗಸಿನ ಪಾಲಾಗಿದೆಯೆಂದು ಸಂಸ್ಥೆಯವರು ತಿಳಿಸಿದರು.

ಗಾಳಿ ಬೀಸುತ್ತಿದ್ದ ಒಂದು ಶನಿವಾರ ರೋವೀನಾ ಬಂದರಿನ ದಾರಿಯಲ್ಲಿ ಗಕ್ಕನೆ ನಿಂತಳು. ಎದುರಿಗೆ ಟಾಫಿ! ಬೆನ್ನ ಮೇಲಿನ ಹಿಡಿಕೆಯನ್ನು ಕಪ್ಪು ಕನ್ನಡಕದ ಹೆಂಗಸೊಬ್ಬಳು ಹಿಡಿದಿದ್ದಳು. ಅವಳ ಇನ್ನೊಂದು ಕೈಯಲ್ಲಿ ಪುಟ್ಟ ಮಗಳ ಬೆರಳು. ದಾರಿ ನಡುವೆ ಯಾರೋ ಬೀಳಿಸಿದ ಸಾಸೇಜು ಬಿದ್ದಿತ್ತು.

ರೋವೀನಾ ಉಸಿರು ಹಿಡಿದಳು.

ಟಾಫಿ ಅದನ್ನು ಮೂಸಲೂ ಇಲ್ಲ. ಬಳಸಿಕೊಂಡು ನಡೆಯಿತು. ರೋವೀನಾಳ ಪಕ್ಕಕ್ಕೆ ಬಂದಾಗ ಮೂಗು ಅರಳಿತು, ಬಾಲ ಒಮ್ಮೆ ಆಡಿತು.

ಕರೆಯುವ ಹಾಗಿಲ್ಲ. ತನ್ನದೇ ಕೂಸನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ... ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ರಸ್ತೆಯಂಚಿನಲ್ಲಿ ಟಾಫಿ ನಿಂತಿತು. "ಜಾಣೆ," ಎಂದಳು ಆ ಹೆಂಗಸು. ಮೂವರೂ ಸುರಕ್ಷಿತವಾಗಿ ದಾಟಿ ಹೋದರು.

"ನಾನು ಅದನ್ನ ಕೆಡಿಸಲಿಲ್ಲ, ರೋ."

ಹಿಂದೆ ಫರ್ಗಸ್ ನಿಂತಿದ್ದ. ದೋಣಿಗೆ ಬಣ್ಣ ಹಚ್ಚುತ್ತಿದ್ದವನು ಅವಳನ್ನು ಕಂಡು ಓಡಿ ಬಂದಿದ್ದ. "ದಿನಾ ಅದೇ ಭಯ ಇತ್ತು ನನಗೆ."

"ಆವತ್ತು ಬೈದಿದ್ದು ನಿನಗಲ್ಲ ಕಣೋ. ಫೇಲಾಗ್ಲಿ ಅಂತ ನಾನೂ ಬೇಡ್ಕೊಂಡಿದ್ದೆ. ನೀನು ಮಾಡಿಬಿಟ್ಟೆ, ನಾನು ಮನಸ್ಸಲ್ಲೇ ಇಟ್ಕೊಂಡೆ. ಅಷ್ಟೇ ವ್ಯತ್ಯಾಸ." ಅವಳು ಟಾಫಿ ಹೋದ ದಾರಿಯತ್ತ ನೋಡಿದಳು. "ಅದನ್ನಂತೂ ಕೊಡಲೇಬೇಕಿತ್ತು. ನಿನ್ನನ್ನ ಯಾಕೆ ಕಳಿಸಿದ್ನೋ..."

ಅವಳ ಕಣ್ಣೊರೆಸಲು ಫರ್ಗಸ್ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ರೋವೀನಾ ಕತ್ತಿನವರೆಗೂ ಗುಂಡಿ ಹಾಕಿದ ಉಣ್ಣೆಯ ಕೋಟಿನಲ್ಲಿದ್ದಳು.

"ಕೋಟು ಹಾಕಿದೀಯ. ಮುಟ್ಟೋ ಹಾಗಿಲ್ಲ, ಅಲ್ವಾ?"

ಆ ಕೊರೆಯುವ ಗಾಳಿಯಲ್ಲೇ ರೋವೀನಾ ಒಂದೊಂದಾಗಿ ಗುಂಡಿ ಬಿಚ್ಚಿದಳು.

"ನನ್ನ ಡ್ಯೂಟಿ ಮುಗೀತು ಕಣೋ... ಈಗ ಮುಟ್ಟಬಹುದು."