ಬದನೆಕಾಯಿ ಬೆಳೆಗಾರನ ಮುಚ್ಚಿಟ್ಟ ಬುಟ್ಟಿ

"ಆ ಬುಟ್ಟಿ ಮೇಲಿನ ಬಟ್ಟೆ ತೆಗೀರಿ!"

ಬದನೆಕಾಯಿ ತೂಗುತ್ತಿದ್ದ ರೈತ ತಲೆಯೆತ್ತಿದ. "ಅದು ಮಾರಾಟಕ್ಕಲ್ಲ ಮೇಡಂ."

"ನಾನು ಕೊಳ್ತೀನಿ ಅಂದೆನಾ? ತೆಗೀರಿ ಅಂದೆ!"

"ಕಳ್ಳ ಅಂತ ಆಗ್ಲೇ ತೀರ್ಮಾನ ಮಾಡಿದ್ದೀರಲ್ಲ... ತೆಗೆಯಲ್ಲ!"

ನಗರದ ಶಾಲಾ ಮೈದಾನದಲ್ಲಿ ಪ್ರತಿ ಭಾನುವಾರ ನಡೆಯುವ ರೈತರ ಸಂತೆಗೆ ಇವಳೇ ಮೇಲ್ವಿಚಾರಕಿ. ಬೆಳೆದದ್ದನ್ನು ಜನರಿಗೆ ನೇರವಾಗಿ ಮಾರಬೇಕು, ಕದ್ದುಮುಚ್ಚಿ ಹೋಟೆಲುಗಳಿಗೆ ಸಾಗಿಸುವಂತಿಲ್ಲ. ತಪ್ಪಿದರೆ ಜಾಗ ರದ್ದು. ಇವನಿಗೋ ಈ ಸಂತೆಯೊಂದೇ ಆಧಾರ.

'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲ! ಅಷ್ಟು ಚೆಂದ ನಗೋನು... ಇವನೂ ಹೀಗಾ?'

ಅವಳ ಎದೆ ಚುರ್ ಎಂದಿತು. ಯಾಕೆ ಚುರ್ ಎನ್ನಬೇಕು? ಅದನ್ನು ಮಾತ್ರ ತಪಾಸಣೆ ಮಾಡಲು ಅವಳಿಗೆ ಧೈರ್ಯವಿರಲಿಲ್ಲ!

ಸಂತೆ ಮುಗಿಯುವ ಹೊತ್ತಿಗೆ ಅವನು ಬುಟ್ಟಿ ಹೊತ್ತು ಶಾಲೆಯ ಹಿಂಭಾಗಕ್ಕೆ ನಡೆದ. 'ಸಿಕ್ಕಿಬಿದ್ದ!' ಹಿಂದೆ ಮುಂದೆ ನೋಡದೆ ಅವಳು ಮೈಕ್ ಎತ್ತಿಕೊಂಡಳು.

"ಮುಂದಿನ ವಾರದಿಂದ ಬದನೆಕಾಯಿ ಅಂಗಡಿಯ ಜಾಗ ರದ್ದು!"

ಘೋಷಿಸಿದವಳೇ ಅವನ ಬೆನ್ನಟ್ಟಿದಳು.

ಅಲ್ಲಿ ಹೋಟೆಲಿನ ಗಾಡಿ ಇರಲೇ ಇಲ್ಲ! ಏಳೆಂಟು ರೈತರು ನೆಲದ ಮೇಲೆ ಕುಳಿತಿದ್ದರು. ಬುಟ್ಟಿಯಲ್ಲಿದ್ದದ್ದು ಹಳದಿಗೆ ತಿರುಗಿದ ಬದನೆಹಣ್ಣು. ಅವನು ಒಬ್ಬೊಬ್ಬರಿಗೂ ಒಂದೊಂದು ಕೊಡುತ್ತಿದ್ದ.

"ಇದೇನಜ್ಜೀ?" ಅವಳ ದನಿ ಉಡುಗಿತ್ತು.

"ಬೀಜಕ್ಕೆ ಬಿಟ್ಟಿದ್ದಮ್ಮ," ಎಂದಳು ಸೊಪ್ಪು ಮಾರುವ ಅಜ್ಜಿ. "ಗಿಡದ ಒಳ್ಳೇ ಕಾಯಿ ಕೀಳದೆ ಹಣ್ಣಾಗೋಕೆ ಬಿಡ್ತೀವಿ. ಬೀಜ ಮಾರಬಾರದು, ಹಂಚ್ಕೋಬೇಕು. ಹಳದಿ ಕಾಯಿ ಕಂಡ್ರೆ ಗಿರಾಕಿಗಳು ಕೊಳೆತಿದೆ ಅಂತ ಓಡ್ತಾರೆ, ಅದಕ್ಕೇ ಮುಚ್ಚೋದು. ನಮ್ಮನೆ ಬದನೆ ತಳಿ ಪೂರ್ತಿ ಹೋಗಿತ್ತು, ಉಳಿಸಿದ್ದು ಇವನೇ. ಇಂಥವನ ಜಾಗಾನೇ ಕಿತ್ಕೊಂಡ್ಯಲ್ಲ ತಾಯಿ!"

ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ಅವನು ತಲೆ ತಗ್ಗಿಸಿ ಖಾಲಿ ಬುಟ್ಟಿ ಒರೆಸುತ್ತಿದ್ದ. ಬೈದಿದ್ದರೂ ಎಷ್ಟೋ ಸಮಾಧಾನವಾಗುತ್ತಿತ್ತು...

ಅವಳು ಓಡಿಹೋಗಿ ಮತ್ತೆ ಮೈಕ್ ಹಿಡಿದಳು.

"ತಪ್ಪು ನನ್ನದು! ಆ ಜಾಗ ಅವರದ್ದೇ. ಎಲ್ಲರ ಎದುರಿಗೇ ಕ್ಷಮೆ ಕೇಳ್ತಿದ್ದೀನಿ!"

ಮೈಕ್ ಕೆಳಗಿಟ್ಟು ತಿರುಗಿದರೆ ಎದುರಿಗೇ ಅವನು!

"ಬೇರೆ ಅಂಗಡಿಗೆ ಒಂದು ಸಲ, ನನ್ನ ಅಂಗಡಿಗೆ ಮಾತ್ರ ಮೂರು ಸಲ ತಪಾಸಣೆಗೆ ಬರ್ತಿದ್ರಿ. ಅನುಮಾನ ತೀರ್ತಲ್ಲ... ಇನ್ನು ಬರಲ್ವಾ?"

"ಬರ್ತೀನಿ."

"ಯಾಕೆ?"

"ಅನುಮಾನ ಬರೀ ನೆಪ ಕಣ್ರೀ... ನೀವಂದ್ರೆ ನಂಗಿಷ್ಟ!"

ಅವನ ಮುಖ ಕಿವಿಯವರೆಗೂ ಕೆಂಪೇರಿತು.

"ಹಾಗಾದ್ರೆ ಮೂರು ಸಲ ಸಾಲದು," ಎಂದ.