ಸ್ಪೀಕರ್ ಕೂಗುವ ಮೊದಲು

"ಇವತ್ತು ಇದಿರ್ಬೇಕು, ಇಲ್ಲ ನಾನಿರ್ಬೇಕು!"

ಧಡಾರ್! ಮೇಲಿನ ಮನೆಯ ಟೈಲರ್ ಹುಡುಗಿ ಬೀಸಿದ ಸುತ್ತಿಗೆಗೆ ಸ್ಪೀಕರ್ ಹೋಳಾಯಿತು.

ಕೆಳಮನೆಯವನು ಸ್ಪೀಕರ್ ತಯಾರಿಸುವವನು. ಬೀದಿಗೆಲ್ಲ 'ಸ್ಪೀಕರ್ ಸಾಹೇಬ'. ತಯಾರಾದದ್ದನ್ನು ಮೈಕಿನ ಮುಂದಿಟ್ಟು, ಗುಂಯ್ಯೆಂದು ಶುರುವಾಗಿ ಕೀಂಯ್ಯೆಂದು ಮುಗಿಯುವ ಸದ್ದು ಹಾಕಿ ಅದರ ದನಿ ಅಳೆಯುತ್ತಿದ್ದ.

"ನಿಮ್ಮ ಈ ಕೂಗಾಟಕ್ಕೇ ಅಣ್ಣನ ತಲೆ ಕೆಡೋದು! ಏಟು ತಿನ್ನೋಳು ನಾನು!"

ಸಾಹೇಬನ ಹಣೆಯಲ್ಲಿ ಕಳೆದ ವಾರ ಅದೇ ಅಣ್ಣ ಹೊಡೆದ ಗಾಯದ ಹೊಲಿಗೆಯಿತ್ತು. ಆದರೂ ಪುಣ್ಯಾತ್ಮ, "ಚೂರು ಕಾಲಿಗೆ ಚುಚ್ಚುತ್ತೆ, ಹುಷಾರು" ಎಂದ.

ಮೆಟ್ಟಿಲಲ್ಲಿ ಇವನು ಎದುರಾದಾಗಲೆಲ್ಲ ಅವಳ ಎದೆ ಡವಗುಟ್ಟುತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ!

ಆಗ ಕಂಪ್ಯೂಟರ್ ಪರದೆಯ ಮೇಲೊಂದು ಫೈಲಿನ ಹೆಸರು ಕಣ್ಣಿಗೆ ಬಿತ್ತು. 'ಮೇಲಿನ ಮನೆ, ಮಂಗಳವಾರ.'

"ನಮ್ಮನೆ ಸದ್ದು ರೆಕಾರ್ಡ್ ಮಾಡ್ತೀರಾ? ನಾಚಿಕೆ ಆಗಲ್ವಾ?"

"ಬೇಕಂತ ಅಲ್ಲ ರೀ... ಅಳೆಯೋ ಮೊದಲು ಕೋಣೆ ಎಷ್ಟು ನಿಶ್ಶಬ್ದವಾಗಿದೆ ಅಂತ ನೋಡ್ಬೇಕು. ಮೈಕ್ ಮೊದಲೇ ಆನ್ ಇರುತ್ತೆ. ಅದರಲ್ಲಿ ಸಿಕ್ಕಿದ್ದನ್ನ ಎತ್ತಿಟ್ಟೆ."

ಅವಳೇ ಗುಂಡಿ ಒತ್ತಿದಳು.

ನಿಶ್ಶಬ್ದ. ಆಮೇಲೆ ಮೇಲಿನಿಂದ ಒಂದು ಏಟು. ಇನ್ನೊಂದು. ಅವಳದೇ ಚೀರಾಟ... ಆಮೇಲಷ್ಟೇ ಗುಂಯ್! ಮೆಟ್ಟಿಲಿಳಿದ ಅಣ್ಣನ ಹೆಜ್ಜೆ, ಬಾಗಿಲು ಒದ್ದ ಸದ್ದು, ಇವನ ನರಳಾಟ.

ಮೊದಲು ಚೀರಾಟ, ಆಮೇಲೆ ಸ್ಪೀಕರ್! ಏಟು ತಿನ್ನುವ ಹೊತ್ತಿನಲ್ಲಿ ಅವಳಿಗೆ ಹಿಂದುಮುಂದು ತಿಳಿದಿರಲಿಲ್ಲ. ಸ್ಪೀಕರ್ ಸದ್ದಿಗೇ ತಲೆ ಕೆಡೋದು ಎಂದು ಅಣ್ಣ ಹೇಳಿದ್ದನ್ನೇ ನಂಬಿದ್ದಳು.

"ಅವನು ಕೆಳಗೆ ಬರ್ಲಿ ಅಂತಾನೇ ಸ್ಪೀಕರ್ ಹಾಕ್ತಿದ್ರಾ...?"

"ಒಂದ್ಸಲ ಬಾಗಿಲು ತಟ್ಟಿದ್ದೆ. ಏನೂ ಆಗಿಲ್ಲ ಅಂದ್ರಿ ನೀವು. ಇನ್ನೇನ್ಮಾಡ್ಲಿ? ಏಟು ನನಗೇ ಬೀಳ್ಲಿ ಅಂತ..."

ಅವಳು ಅವನ ಹಣೆಯ ಹೊಲಿಗೆಯನ್ನು ಮತ್ತೆ ನೋಡಿದಳು.

ಅಷ್ಟರಲ್ಲಿ ಬಾಗಿಲು ಕಿತ್ತುಬಂತು. ಅಣ್ಣ! ಕೈಯಲ್ಲಿ ಕಬ್ಬಿಣದ ಸಲಾಕೆ.

"ಇವನ ಮನೇಲಿ ಏನೇ ನಿನ್ಗೆ ಕೆಲ್ಸ?"

ಸಲಾಕೆ ಬೀಸಿದ. ಸಾಹೇಬ ಅಡ್ಡ ಬಂದ. ಹೆಗಲ ಮೂಳೆ ಲಟಕ್ಕೆಂದಿತು, ಹಣೆಯ ಹೊಲಿಗೆ ಬಿಚ್ಚಿ ರಕ್ತ ಸುರಿಯಿತು. ಅವನು ಕುಸಿದ. ಸಲಾಕೆ ಮತ್ತೆ ಮೇಲೆದ್ದಿತು.

ಈ ಸಲ ಅವಳು ಚೀರಲಿಲ್ಲ. ಸುತ್ತಿಗೆ ಅಣ್ಣನ ಮಣಿಕಟ್ಟಿಗೆ ಬಿತ್ತು.

"ಮೈಕ್ ಆನ್ ಇದೆ ಅಣ್ಣಾ! ಇನ್ನೊಂದ್ಸಲ ಕೈ ಎತ್ತು, ಪೊಲೀಸರೂ ಕೇಳಿಸ್ಕೊಳ್ಲಿ!"

ಅಣ್ಣ ಮೈಕ್ ನೋಡಿದ, ಸುತ್ತಿಗೆ ನೋಡಿದ, ಮುರಿದ ಕೈ ಹಿಡಿದುಕೊಂಡು ಓಡಿದ.

ಅವಳು ಪೊಲೀಸರಿಗೂ ಆಂಬುಲೆನ್ಸ್‌ಗೂ ಫೋನ್ ಮಾಡಿದಳು. ದುಪಟ್ಟಾ ಮಡಚಿ ಅವನ ಹಣೆಗೆ ಒತ್ತಿ ಹಿಡಿದಳು.

"ನಿಮ್ಮ ಸ್ಪೀಕರ್ ನಾನೇ ಒಡೆದುಬಿಟ್ನಲ್ಲ..."

"ಹೋಗ್ಲಿ ಬಿಡಿ. ಇನ್ನು ಅದು ಕೂಗ್ಬೇಕಾಗಿಲ್ಲ." ಅವನು ಉಸಿರೆಳೆದುಕೊಂಡ. "ಒಂದು ಮಾತು ಹೇಳ್ಬೇಕಿತ್ತು. ಮೈಕ್ ಆಫ್ ಮಾಡ್ತೀರಾ?"

"ಮಾಡಲ್ಲ. ನಾಳೆ ನೀವು ಹೇಳೇ ಇಲ್ಲ ಅಂದ್ಬಿಟ್ರೆ? ಹೇಳಿ!"

"ನೀವಂದ್ರೆ... ನನಗೆ ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ಬಾಗಿದಳು.

"ನನಗೂ."